ಸಣ್ಣ ಪದಗಳ ಮೇಷ್ಟ್ರು

ಗಡ್ಡ ಹೆರೆದುಕೊಳ್ಳುವಾಗಲೂ ಎರ್ಮಾನ್ನೊ ಕರೇನಾನ ತಲೆಯಿಂದ ಆ ನಾಲ್ಕು ಇಳಿಯಲಿಲ್ಲ. ಹತ್ತಕ್ಕೆ ನಾಲ್ಕು, ಇಂಗ್ಲಿಷು, ತೆಕ್ಲಾ ಫೆರಾರಿಸ್. ಪಾಸಾಗಲು ಆರು ಬೇಕು. ನಿನ್ನೆ ಸಂಜೆ ತನ್ನ ಕೈಯಾರೆ, ಕೆಂಪು ಶಾಯಿಯಲ್ಲಿ, ಅಂಕಿಯ ಬಾಲವನ್ನು ತುಸು ಉದ್ದಕ್ಕೇ ಎಳೆದು ಬರೆದಿದ್ದ. ಮೂವತ್ತೊಂದು ವರ್ಷದಲ್ಲಿ ಇಂಥ ನಾಲ್ಕುಗಳನ್ನು ಎಷ್ಟು ಬರೆದಿಲ್ಲ. ಬರೆದು, ಕೈ ತೊಳೆದು, ಮಧ್ಯಾಹ್ನದ ಅನ್ನವನ್ನೇ ಬೆಣ್ಣೆಯಲ್ಲಿ ಬಿಸಿ ಮಾಡಿ ತಿಂದು ಮಲಗಿದರೆ ನಿದ್ದೆಯೂ ಸುಖವಾಗಿಯೇ ಬರುತ್ತಿತ್ತು. ನಿನ್ನೆ ಬರಲಿಲ್ಲ. ಸೊಳ್ಳೆ ಕಾರಣ ಎಂದುಕೊಂಡ. ಜೂನ್ ತಿಂಗಳಲ್ಲಿ ಉತ್ತರ ಇಟಲಿಯ ವೆರ್ಚೆಲ್ಲಿಯ ಸುತ್ತ ಗದ್ದೆಗಳಿಗೆಲ್ಲ ನೀರು ಕಟ್ಟಿರುತ್ತಾರೆ, ಊರಿಗೆ ಊರೇ ಸೊಳ್ಳೆಯ ಪಾಲಾಗಿರುತ್ತದೆ, ಆದ್ದರಿಂದ ನಿದ್ದೆಗೆಟ್ಟವನು ಕಾರಣ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಆದರೂ ಗಲ್ಲದ ಮೇಲೆ ಕತ್ತಿ ಒಂದು ಗೀರು ಎಳೆದಾಗ ಅವನು ತೆಕ್ಲಾಳ ಪತ್ರಿಕೆಯ ಏಳನೆಯ ವಾಕ್ಯವನ್ನು ಯೋಚಿಸುತ್ತಿದ್ದ. ಇವತ್ತು ಮಧ್ಯಾಹ್ನ ಮೇಷ್ಟ್ರುಗಳೆಲ್ಲ ಕೂತು ಅಂಕ ತೀರ್ಮಾನಿಸುವ ಅಂಕಸಭೆ. ಅವನ ಪಾಲಿಗೆ ಕೊನೆಯದು. ಸೆಪ್ಟೆಂಬರಿನಿಂದ ಅವನು ನಿವೃತ್ತ.

ಊರಿನಲ್ಲಿ ಅವನಿಗೆ ಸಣ್ಣ ಪದಗಳ ಮೇಷ್ಟ್ರು ಎಂದೇ ಹೆಸರು. ಇನ್, ಆನ್, ಅಟ್, ಬೈ, ಫಾರ್ ಎಂದು ನಾಮಪದದ ಮುಂದೆ ಬಂದು ನಿಲ್ಲುವ ಆ ಇಂಗ್ಲಿಷಿನ ಪುಟಾಣಿಗಳು. ಕನ್ನಡದಲ್ಲಾದರೆ ಇವು ಪದದ ಬಾಲಕ್ಕೆ ಅಂಟಿಕೊಂಡು ತೆಪ್ಪಗೆ ಬಿದ್ದಿರುತ್ತವೆ, ಯಾರಿಗೂ ತೊಂದರೆಯಿಲ್ಲ. ಇಂಗ್ಲಿಷಿನವಕ್ಕೂ ಇಟಾಲಿಯನ್ನಿನವಕ್ಕೂ ಮಾತ್ರ ಹುಟ್ಟಿನಿಂದ ಹೊಂದಾಣಿಕೆಯಿಲ್ಲ, ಒಂದರ ಜಾಗದಲ್ಲಿ ಇನ್ನೊಂದನ್ನು ಕೂರಿಸಹೋದರೆ ಮೂರನೆಯದು ಬಂದು ಜಗಳ ತೆಗೆಯುತ್ತದೆ. ಕರೇನಾ ಕೆಲಸಕ್ಕೆ ಸೇರಿದ ಮೊದಲ ವರ್ಷವೇ ಈ ಜಗಳವನ್ನು ಬಗೆಹರಿಸಿದ್ದ. ಬೂದು ಬಣ್ಣದ ದಪ್ಪ ರಟ್ಟಿನ ಮೇಲೆ ನಲವತ್ತೊಂದು ಸಾಲು, ಎಡಗಡೆ ಇಂಗ್ಲಿಷು, ಬಲಗಡೆ ಇಟಾಲಿಯನ್, ಗಂಡಹೆಂಡಿರನ್ನು ಫೋಟೋಗೆ ನಿಲ್ಲಿಸಿದ ಹಾಗೆ. ಅಂದಿನಿಂದ ಆ ಹಲಗೆ ಪ್ರತಿ ತರಗತಿಯ ಗೋಡೆಯ ಮೇಲೂ ಇದೆ. ಅಪ್ಪಂದಿರು ಅದನ್ನು ಬಾಯಿಪಾಠ ಮಾಡಿದ್ದರು, ಈಗ ಮಕ್ಕಳು ಮಾಡುತ್ತಿದ್ದರು. ಒಂಬತ್ತು ವರ್ಷದ ಹಿಂದೆ ಹೆಂಡತಿ ಲಿದಿಯಾ ಅಡುಗೆಮನೆಯ ಮೇಜಿನ ಮೇಲೆ ‘ಅಕ್ಕನ ಮನೆಯಲ್ಲಿದ್ದೇನೆ’ ಎಂದು ಚೀಟಿ ಬರೆದಿಟ್ಟು ಹೋದಾಗ ಅವನ ಕಣ್ಣಿಗೆ ಮೊದಲು ಬಿದ್ದದ್ದು ಅದರಲ್ಲಿದ್ದ ‘ದಾ’ ಎಂಬ ಸಣ್ಣ ಪದ. ಅವರ ಭಾಷೆಯಲ್ಲಿ ಒಬ್ಬರ ಮನೆಗೆ ಹೋಗುವುದಕ್ಕೂ ‘ದಾ’, ಅಲ್ಲಿ ಇರುವುದಕ್ಕೂ ‘ದಾ’, ಅಲ್ಲಿಂದ ಹೊರಡುವುದಕ್ಕೂ ‘ದಾ’. ಸರಿಯಾಗಿ ಬಳಸಿದ್ದಾಳೆ ಎಂದು ಅವನಿಗೆ ಒಂದು ಕ್ಷಣ ಸಮಾಧಾನವೇ ಆಗಿತ್ತು. ಲಿದಿಯಾ ಮೂರರಲ್ಲಿ ಎರಡು ಅರ್ಥಗಳನ್ನಷ್ಟೇ ಬಳಸಿಕೊಂಡಳು, ವಾಪಸು ಬರಲಿಲ್ಲ.

ಶಾಲೆಯ ಎದುರಿಗೇ ಇರುವ ಕಾಫಿ ಅಂಗಡಿಗೆ ಹೋಗದೆ ಇನ್ನೊಂದು ಬೀದಿ ಹಿಡಿಯೋಣವೇ ಎಂದು ಚೌಕದಲ್ಲಿ ನಿಂತು ಯೋಚಿಸಿದ. ಮೂವತ್ತೊಂದು ವರ್ಷದಿಂದ ಹೋಗುತ್ತಿರುವವನು ಇವತ್ತೊಂದು ದಿನ ತಪ್ಪಿಸಿದರೆ ಅದೇ ದೊಡ್ಡ ಸುದ್ದಿಯಾದೀತು. ಅಂಗಡಿ ನಡೆಸುವ ಜೆಮ್ಮಾ ತೆಕ್ಲಾಳ ತಾಯಿ. ಅವನು ಒಳಗೆ ಕಾಲಿಟ್ಟದ್ದೇ ತಡ ಪುಟ್ಟ ಬಟ್ಟಲಲ್ಲಿ ಕಾಫಿ ಬಂತು, ಪಕ್ಕದಲ್ಲಿ ಲವಂಗದ ಬಿಸ್ಕತ್ತು. ಯಾವಾಗಲೂ ಒಂದೇ ಇರುತ್ತಿದ್ದುದು ಇವತ್ತು ಎರಡಿತ್ತು. ಕರೇನಾ ಎರಡನೆಯ ಬಿಸ್ಕತ್ತನ್ನು ನೋಡಿಯೂ ನೋಡದವನಂತೆ ಸಕ್ಕರೆ ಕಲಕಿದ.

"ಇವತ್ತಲ್ವಾ ಸಭೆ, ಪ್ರೊಫೆಸರ್ರೇ?"

"ಹೂಂ. ಮಧ್ಯಾಹ್ನ."

"ನಾನೇನೂ ಕೇಳ್ತಿಲ್ಲಪ್ಪ. ಕೇಳಬಾರ್ದು ಅಂತ ನಂಗೂ ಗೊತ್ತು." ಜೆಮ್ಮಾ ಒರೆಸಿದ ಜಾಗವನ್ನೇ ಮತ್ತೆ ಒರೆಸಿದಳು. "ನಮ್ಮವಳು ಧೈರ್ಯವಾಗೇ ಇದ್ದಾಳೆ. ಗಣಿತ, ಲ್ಯಾಟಿನ್ನು, ಭೌತಶಾಸ್ತ್ರ ಮೂರೂ ಹೋಗುತ್ತಂತೆ. ಹೋದ್ರೆ ಹೋಗ್ಲಿ, ಮೂರಾದ್ರೆ ಸೆಪ್ಟೆಂಬರ್‌ನಲ್ಲಿ ಬರ್ಕೋಬಹುದು, ಬೇಸಿಗೆಯೆಲ್ಲ ಓದ್ತೀನಿ ಅಂತಾಳೆ. ನಾಲ್ಕು ವಿಷಯ ಹೋದ್ರೆ ವರ್ಷಾನೇ ಹೋಯ್ತು."

"ಅವಳು ಇಂಗ್ಲಿಷಿನ ವಿಷಯ ಏನಾದ್ರೂ ಹೇಳಿದ್ಲಾ?"

"ಹೇಳಿದ್ಲಲ್ಲ. ಕರೇನಾ ನಾಲ್ಕು ಕೊಡ್ತಾರೆ, ಒಳಗೆ ಕೂತವರು ಅದನ್ನ ಆರು ಮಾಡ್ತಾರೆ, ಪ್ರತಿವರ್ಷ ಹಂಗೇನೇ ಬಿಡಮ್ಮ ಅಂದ್ಲು." ಅವಳು ನಗಲು ನೋಡಿದಳು. "ನಂಗೆ ಇವೆಲ್ಲ ಅರ್ಥ ಆಗಲ್ಲ. ಕಾಯಿಲೆ ಬಂದು ಒಂದು ವರ್ಷ ಆಗ್ಲೇ ಕಳ್ಕೊಂಡಿದ್ದಾಳೆ. ಇದೂ ಹೋದ್ರೆ ಅವರಪ್ಪ ಬಿಡಲ್ಲ, ಏಪ್ರನ್ ಕಟ್ಟಿ ಇಲ್ಲೇ ನಿಲ್ಲಿಸ್ತಾರೆ. ಅವಳಿಗೆ ಓದೋ ಆಸೆ."

ಕರೇನಾನಿಗೆ ಕಿವಿ ಬಿಸಿಯಾಯಿತು. ಹುಡುಗಿಯ ವರ್ಷದ ಚಿಂತೆ ಆಮೇಲೆ ಬಂತು, ನಿಜ ಹೇಳಬೇಕೆಂದರೆ ಮೊದಲು ಬಂದದ್ದು ಸಿಟ್ಟು. ತನ್ನ ಗುಟ್ಟು ಕಾಫಿ ಅಂಗಡಿಯ ಮಾತಾಗಿದೆಯಲ್ಲ. ಆ ಗುಟ್ಟು ಎಂದರೆ ಇಷ್ಟೇ. ಪ್ರತಿ ಜೂನಿನಲ್ಲೂ ಅವನು ಇಬ್ಬರು ಮೂವರಿಗೆ ನಾಲ್ಕು ಹಾಕುತ್ತಿದ್ದ. ಅಂಕ ಹಾಕುವುದು ಆಯಾ ವಿಷಯದ ಮೇಷ್ಟ್ರೇ ಆದರೂ ಅದು ಸಭೆಯ ಮುಂದೆ ಇಡುವ ಸಲಹೆ ಮಾತ್ರ, ಕೊನೆಯ ತೀರ್ಮಾನ ಸಭೆಯದು. ಅವನು ಗಂಟಲು ಸರಿಮಾಡಿಕೊಂಡು "ನಾಲ್ಕು" ಎನ್ನುತ್ತಿದ್ದ. ಇತಿಹಾಸ ಹೇಳುವ ಓರ್ನೆಲ್ಲಾ ಕೂಡಲೇ "ಅಯ್ಯೋ ಎರ್ಮಾನ್ನೊ, ನಿನ್ನೆದೆ ಏನು ಕಲ್ಲೇನೋ ಮಾರಾಯ, ಆರು ಕೊಟ್ಟುಬಿಡು" ಎನ್ನುತ್ತಿದ್ದಳು. ಇನ್ನಿಬ್ಬರು ದನಿಗೂಡಿಸುತ್ತಿದ್ದರು. ಮತಕ್ಕೆ ಹಾಕಿದಾಗ ಆರು ಗೆಲ್ಲುತ್ತಿತ್ತು. ಅವನು ಪೆನ್ನಿನಿಂದ ಮೇಜನ್ನು ಮೂರು ಸಲ ತಟ್ಟಿ "ಸಭೆಯ ಇಚ್ಛೆಗೆ ಅಡ್ಡ ಬರೋದಿಲ್ಲ, ನನ್ನ ವಿರೋಧ ದಾಖಲಾಗಲಿ" ಎಂದು ಹೇಳಿ ಕಿಟಕಿಯ ಕಡೆ ತಿರುಗುತ್ತಿದ್ದ. ಹೀಗೆ ಅರವತ್ತನಾಲ್ಕು ಸಲ ಅವನ ವಿರೋಧ ದಾಖಲಾಗಿತ್ತು. ಊರಿನ ಅತಿ ಕಟ್ಟುನಿಟ್ಟಿನ ಮೇಷ್ಟ್ರು ಮೂವತ್ತೊಂದು ವರ್ಷದಲ್ಲಿ ಒಬ್ಬರನ್ನೂ ಫೇಲು ಮಾಡಿರಲಿಲ್ಲ. ಅವನಿಗೆ ಹೆಸರೂ ಉಳಿಯಿತು, ಪಾಪವೂ ತಟ್ಟಲಿಲ್ಲ. ಎರಡನೆಯ ಬಿಸ್ಕತ್ತನ್ನು ತಟ್ಟೆಯಲ್ಲೇ ಬಿಟ್ಟು ಅವನು ಎದ್ದ.

ಮೆಟ್ಟಿಲು ಹತ್ತುವಾಗ ಲಂಡನ್ನು ನೆನಪಾಯಿತು. ಇಂಗ್ಲೆಂಡಿಗೆ ಅವನು ಹೋದದ್ದು ಜೀವಮಾನದಲ್ಲಿ ಒಂದೇ ಸಲ, ಹನ್ನೊಂದು ದಿನದ ಮಟ್ಟಿಗೆ, ಲಿದಿಯಾಳ ಜೊತೆ, ಮದುವೆಯಾದ ಹೊಸತರಲ್ಲಿ. ರೈಲು ನಿಲ್ದಾಣದ ಕಿಂಡಿಯ ಮುಂದೆ ನಿಂತು, ಹೋಟೆಲಿನ ಕೋಣೆಯಲ್ಲಿ ಎರಡು ಸಲ ಹೇಳಿಕೊಂಡು ಬಂದ ವಾಕ್ಯವನ್ನು, ಸಣ್ಣ ಪದಗಳೆಲ್ಲ ತಂತಮ್ಮ ಜಾಗದಲ್ಲಿ ಸರಿಯಾಗಿ ಕೂತಿರುವ ವಾಕ್ಯವನ್ನು, ನಿಧಾನವಾಗಿ ಹೇಳಿದ್ದ. ಕಿಂಡಿಯ ಆಚೆ ಕೂತಿದ್ದವನು ಕತ್ತೆತ್ತಿ ದಕ್ಷಿಣ ಇಟಲಿಯ ಅಪ್ಪಟ ಕಲಾಬ್ರಿಯಾದ ರಾಗದಲ್ಲಿ "ಎಲ್ಲಿಗಣ್ಣಾ ಹೋಗಬೇಕು, ನಮ್ಮ ಭಾಷೇಲೇ ಹೇಳಿಬಿಡು, ಹಿಂದೆ ಜನ ನಿಂತವ್ರೆ" ಅಂದಿದ್ದ. ಲಿದಿಯಾ ನಕ್ಕುಬಿಟ್ಟಳು. ಆ ನಗುವಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಹೊಸ ಹೆಂಡತಿ ನಗುವ ಹಾಗೇ ನಕ್ಕಿದ್ದಳು. ಆದರೆ ಅವನು ಮುಂದಿನ ಎಂಟು ದಿನ ಟಿಕೇಟು ಕೊಳ್ಳುವುದಕ್ಕೆ ಅವಳನ್ನೇ ಕಳಿಸಿದ. ಆಮೇಲೆ ಪ್ರತಿ ಬೇಸಿಗೆಯಲ್ಲೂ ಅವಳು ಇಂಗ್ಲೆಂಡಿಗೆ ಹೋಗೋಣ ಎಂದಾಗಲೆಲ್ಲ ಒಂದೊಂದು ನೆಪ ಹೇಳಿದ, ಸಮುದ್ರತೀರದ ಲಿಗೂರಿಯಾ ಹತ್ತಿರವಲ್ಲವೇ, ಅಲ್ಲಿಯ ಮೀನು ಚೆನ್ನಾಗಿರುತ್ತದೆ. ತೆಕ್ಲಾ ಮಾತ್ರ ಎರಡು ಬೇಸಿಗೆ ಇಂಗ್ಲೆಂಡಿನ ಲೀಡ್ಸಿನಲ್ಲಿರುವ ಸೋದರಮಾವನ ಹೋಟೆಲಿನಲ್ಲಿ ತಟ್ಟೆ ತೊಳೆದು ಬಂದವಳು. ಅವಳ ಇಂಗ್ಲಿಷು ಕಿವಿಯಿಂದ ಬಂದದ್ದು. ಮಾರ್ಚ್ ತಿಂಗಳ ಒಂದು ದಿನ ತರಗತಿಯಲ್ಲಿ ಕೈ ಎತ್ತಿ, ವಿನಯವಾಗಿಯೇ, "ಪ್ರೊಫೆಸರ್ರೇ, ಹಲಗೇಲಿ ಇರೋ ಹಾಗೆ ನಮ್ಮಲ್ಲಿ ಯಾರೂ ಮಾತಾಡಲ್ಲ ಅಲ್ವಾ? ನಮ್ಮಜ್ಜಿ ‘ಪೆರ್ ಸ್ತ್ರಾದಾ’ ಅಂತಾರೆ, ಬೀದೀಲಿ ಸಿಕ್ಕಿದ್ದ ಅನ್ನೋಕೆ. ಹಲಗೇಲಿ ‘ನೆಲ್ಲಾ ಸ್ತ್ರಾದಾ’ ಅಂತಿದೆ. ಅದು ಬೀದಿ ಒಳಗೆ ಹೂತುಹೋಗಿದ್ದ ಅನ್ನೋ ಹಂಗೆ ಕೇಳುತ್ತೆ" ಎಂದಿದ್ದಳು. ತರಗತಿ ಗೊಳ್ಳೆಂದಿತು. ಅವನಿಗೆ ಟಿಕೇಟಿನ ಕಿಂಡಿ ಕಂಡಿತು. "ನಿಮ್ಮಜ್ಜಿ ಪರೀಕ್ಷೆಗೆ ಕೂತಾಗ ಅವರಿಗೂ ಅಂಕ ಹಾಕ್ತೀನಿ" ಎಂದು ಬಾಯಿಗೆ ಬಂದದ್ದು ಹೇಳಿ ಪುಟ ತಿರುವಿದ.

ವರ್ಷದ ಕೊನೆಯ ಪರೀಕ್ಷೆಯಲ್ಲಿ ನಲವತ್ತು ಇಂಗ್ಲಿಷ್ ವಾಕ್ಯಗಳನ್ನು ಇಟಾಲಿಯನ್ನಿಗೆ ತಿರುಗಿಸಬೇಕಿತ್ತು. ತೆಕ್ಲಾ ಅಂಗಡಿಗೆ ಬಂದವರ ಜೊತೆ ಮಾತಾಡುವ ಹಾಗೆ ತಿರುಗಿಸಿದ್ದಳು. ಕೆಲವು ಕಡೆ ನಿಜವಾಗಿಯೂ ಎಡವಿದ್ದಳು, ಇಲ್ಲವೆಂದಲ್ಲ. ಆದರೆ ಹನ್ನೊಂದು ಕಡೆ ಹಲಗೆಯಲ್ಲಿಲ್ಲದ, ಅವನ ಸ್ವಂತ ತಾಯಿ ಬದುಕಿರುವತನಕ ಆಡುತ್ತಿದ್ದ ಪದವನ್ನೇ ಬರೆದಿದ್ದಳು. ರೈಲಿನಲ್ಲಿ, ಕಿಟಕಿಯ ಹತ್ತಿರ, ಕಾರ್ಲಾಳ ಮನೆಯಲ್ಲಿ, ಎರಡು ವರ್ಷದಿಂದ ಎಂಬಂಥ ಮಾಮೂಲಿ ವಾಕ್ಯಗಳಲ್ಲಿ. ನಿನ್ನೆ ಸಂಜೆ, ಏಳನೆಯ ವಾಕ್ಯದಿಂದ ಮೊದಲುಗೊಂಡು, ಹನ್ನೊಂದನ್ನೂ ಅವನು ಕೆಂಪು ಶಾಯಿಯಲ್ಲಿ ಸುತ್ತಿದ. ಸುತ್ತುವಾಗ ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಾಳೇನೋ ಅನ್ನಿಸಿ ಒಮ್ಮೆ ತಿರುಗಿಯೂ ನೋಡಿದ. ಆ ಹನ್ನೊಂದನ್ನು ಬಿಟ್ಟುಕೊಟ್ಟರೆ ಅವಳಿಗೆ ಆರೇನು, ಏಳು ಬರುತ್ತಿತ್ತು. ಬಿಟ್ಟುಕೊಡಬೇಕಾಗಿಯೂ ಇರಲಿಲ್ಲವಲ್ಲ, ಓರ್ನೆಲ್ಲಾ ಇದ್ದಳು, ಸಭೆಯಿತ್ತು. ತಾನು ನಾಲ್ಕು ಹಾಕಿದರೆ ಹಲಗೆ ಉಳಿಯುತ್ತದೆ, ಅವರು ಆರು ಮಾಡಿದರೆ ಹುಡುಗಿ ಉಳಿಯುತ್ತಾಳೆ. ಯಾರಿಗೂ ನಷ್ಟವಿಲ್ಲ. ಪತ್ರಿಕೆಯನ್ನು ಮಡಚಿ ಚರ್ಮದ ಚೀಲಕ್ಕೆ ಹಾಕಿಕೊಂಡಿದ್ದ.

ಮಧ್ಯಾಹ್ನ ಎರಡೂವರೆಗೆ ಮೇಷ್ಟ್ರುಗಳ ಕೋಣೆಯಲ್ಲಿ ಒಂಬತ್ತು ಜನ ಕೂತರು. ಪ್ರಿನ್ಸಿಪಾಲ್ ಬರ್ತೋಲಿನಿ ಮೇಜಿನ ತುದಿಯಲ್ಲಿ ದಾಖಲೆ ಪುಸ್ತಕ ತೆರೆದಿಟ್ಟುಕೊಂಡಿದ್ದರು. ಕಿಟಕಿ ತೆರೆದರೆ ಸೊಳ್ಳೆ, ಮುಚ್ಚಿದರೆ ಸೆಖೆ ಎಂಬ ಚರ್ಚೆ ಹತ್ತು ನಿಮಿಷ ನಡೆದು ಅರ್ಧ ತೆರೆಯುವುದೆಂದು ತೀರ್ಮಾನವಾಯಿತು, ಸೊಳ್ಳೆಯೂ ಬಂತು ಸೆಖೆಯೂ ಉಳಿಯಿತು. ಅಕ್ಷರಕ್ರಮದಲ್ಲಿ ಹೆಸರುಗಳು ಬರತೊಡಗಿದವು. ಎಲ್ಲರೂ ಅವನನ್ನು ನೋಡಿ ಏನೋ ಒಂದು ಬಗೆಯಲ್ಲಿ ನಗುತ್ತಿರುವುದು ಅವನ ಗಮನಕ್ಕೆ ಬಂದರೂ, ಕೊನೆಯ ದಿನವಲ್ಲವೇ, ಇರಲಿ ಎಂದುಕೊಂಡ. ಫೆರಾರಿಸ್ ಎಂಬ ಹೆಸರು ಬಂತು. ಗಣಿತದ ಸಾಂದ್ರೊ ನಾಲ್ಕು ಎಂದ. ಲ್ಯಾಟಿನ್ ಐದು. ಭೌತಶಾಸ್ತ್ರ ನಾಲ್ಕು. ಆ ಮೂರೂ ನ್ಯಾಯವಾದವೇ, ಅವನ್ನು ಯಾರೂ ಪ್ರಶ್ನಿಸುವಂತಿರಲಿಲ್ಲ.

"ಇಂಗ್ಲಿಷ್?" ಎಂದರು ಬರ್ತೋಲಿನಿ.

"ನಾಲ್ಕು."

ಹೇಳಿ ಪೆನ್ನು ಕೈಗೆತ್ತಿಕೊಂಡು ಓರ್ನೆಲ್ಲಾಳ ಕಡೆ ನೋಡಿದ. ಅವಳು ತುಂಬ ಪ್ರೀತಿಯಿಂದ ಅವನನ್ನೇ ನೋಡುತ್ತಿದ್ದಳು, ಆದರೆ ಬಾಯಿ ತೆಗೆಯಲಿಲ್ಲ. ಮರೆತಳೋ ಏನೋ ಎಂದು ಅವನು ಸ್ವಲ್ಪ ಕೆಮ್ಮಿದ. ಸಾಂದ್ರೊನ ಕಡೆ ನೋಡಿದರೆ ಅವನು ಕಿಟಕಿಯ ಕಡೆ ನೋಡುತ್ತಿದ್ದ. ಕಿಟಕಿ ನೋಡುವುದು ತನ್ನ ಪಾಲಿನ ಕೆಲಸವಲ್ಲವೇ ಎಂದು ಕರೇನಾನಿಗೆ ವಿಚಿತ್ರವಾಗಿ ಅನ್ನಿಸಿತು.

"ಫೇಲಾದದ್ದರಲ್ಲಿ ಇದು ನಾಲ್ಕನೇ ವಿಷಯ, ಅಂದ್ರೆ ವರ್ಷ ಹೋಗುತ್ತೆ. ಯಾರಾದ್ರೂ ಏನಾದ್ರೂ ಹೇಳೋದಿದೆಯಾ?" ಬರ್ತೋಲಿನಿ ಕೇಳಿದರು.

"ನಾನು ಹೇಳ್ತೀನಿ," ಎಂದು ಓರ್ನೆಲ್ಲಾ ಎದ್ದು ನಿಂತಾಗ ಕರೇನಾನಿಗೆ ಹೋದ ಜೀವ ಬಂದಂತಾಯಿತು. "ಮೂವತ್ತೊಂದು ವರ್ಷದಲ್ಲಿ ಎರ್ಮಾನ್ನೊ ಕೊಟ್ಟ ಅಂಕಾನ ನಾವು ಒಂದ್ಸಲನಾದ್ರೂ ಉಳಿಸಿದ್ದೀವಾ? ಪಾಪ, ಪ್ರತಿಸಲಾನೂ ವಿರೋಧ ಬರೆಸಿ ಸುಮ್ಮನಾದ, ಒಬ್ಬರ ಮೇಲೂ ಮುನಿಸಿಕೊಳ್ಳಲಿಲ್ಲ. ಇವತ್ತು ಅವನ ಕೊನೇ ಸಭೆ. ಬೆಳಿಗ್ಗೆ ನಾವೆಲ್ಲ ಸೇರಿ ಮಾತಾಡ್ಕೊಂಡ್ವಿ. ಇವತ್ತೊಂದಿನ ಅವನ ಮಾತಿಗೆ ಯಾರೂ ಎದುರಾಡಬಾರ್ದು. ನಮ್ಮ ಕಡೆಯಿಂದ ಅವನಿಗೆ ಇಷ್ಟಾದ್ರೂ ಗೌರವ ಸಲ್ಲಲಿ."

ಎಲ್ಲರೂ ಚಪ್ಪಾಳೆ ತಟ್ಟಿದರು. ಬರ್ತೋಲಿನಿ ಪೆನ್ನು ಕೆಳಗಿಟ್ಟು ತಾವೂ ತಟ್ಟಿದರು. ಕರೇನಾ ಎದ್ದು, ಬಾಯಿ ತೆರೆದು, ಎದೆಯಿಂದ ಏನು ಹೊರಡುತ್ತದೋ ಎಂದು ತಾನೇ ಕಾಯುತ್ತಿದ್ದಾಗ "ತುಂಬಾ ಥ್ಯಾಂಕ್ಸ್" ಎಂಬ ಮಾತು ಹೊರಟಿತು. ಕೂತ. ದಾಖಲೆ ಪುಸ್ತಕದ ಮೇಲೆ ಪೆನ್ನು ಓಡಿತು, ಮುಂದಿನ ಹೆಸರು ಬಂತು.

ಆಮೇಲಿನ ಹದಿನಾಲ್ಕು ಹೆಸರುಗಳಲ್ಲಿ ಒಂದೂ ಅವನ ಕಿವಿಗೆ ಬೀಳಲಿಲ್ಲ. ಕೇಳಿದಾಗ ಆರು ಎಂದ, ಏಳು ಎಂದ, ಒಬ್ಬ ದಡ್ಡ ಹುಡುಗನಿಗೆ ಎಂಟು ಎಂದ. ಹೇಳಬೇಕು, ಈಗಲೇ ಹೇಳಬೇಕು, ಈ ಹೆಸರು ಮುಗಿಯಲಿ, ಮುಂದಿನದು ಮುಗಿಯಲಿ. ಏನಂತ ಹೇಳುವುದು? ನಾನು ನಾಲ್ಕು ಅಂದದ್ದು ನೀವು ಆರು ಅನ್ನುತ್ತೀರಿ ಅಂತ, ಎಂದೇ? ಜೆಮ್ಮಾಳ ಒದ್ದೆ ಬಟ್ಟೆ ಒಂದೇ ಜಾಗದಲ್ಲಿ ಸುತ್ತುತ್ತಿರುವುದು ಕಣ್ಣ ಮುಂದೆ ಬಂತು. ಲಿದಿಯಾ ಇದ್ದಿದ್ದರೆ ನಗುತ್ತಿದ್ದಳು ಎನ್ನಿಸಿತು, ಹಾಗೆಯೇ ಅವಳು ಹೋದ ವಾರ ಎರಡು ಸಲ ಫೋನು ಮಾಡಿ ಅಕ್ಕನ ಮನೆಗೆ ಬಾ, ನಿವೃತ್ತಿಯ ಊಟ ಹಾಕುತ್ತೇನೆ ಎಂದು ಕರೆದದ್ದಕ್ಕೆ ನೋಡೋಣ ಎಂದದ್ದೂ ನೆನಪಾಯಿತು. ನೋಡೋಣ ಎನ್ನುವುದು ಅವನಿಗೆ ಎಲ್ಲಕ್ಕಿಂತ ಸುಲಭವಾಗಿ ಬರುವ ಮಾತು. ಸಭೆ ಮುಗಿಯಿತು. ಶಾಲೆಯ ಆಯಾ ದೊಡ್ಡ ಕೇಕು ತಂದು ಮೇಜಿನ ಮೇಲಿಟ್ಟಳು. ಕೇಕಿನ ಮೇಲೆ ಬೂದು ಬಣ್ಣದ ಸಕ್ಕರೆ ಹಾಸಿ ಅವನ ಹಲಗೆಯನ್ನೇ ಬರೆಸಿದ್ದರು. ನಲವತ್ತೊಂದು ಸಾಲಿಗೆ ಜಾಗ ಸಾಲದೆ ಮೊದಲ ಐದು ಮಾತ್ರ ಇದ್ದವು.

"ಚಾಕು ತಗೋ, ‘ಆನ್’ ನಂಗೆ ಕೊಡು," ಎಂದ ಸಾಂದ್ರೊ.

"ಫೆರಾರಿಸ್‌ಗೆ ಆರು ಕೊಡೋಣ," ಎಂದ ಕರೇನಾ.

ಚಾಕು ಅವನ ಕೈಯಲ್ಲೇ ಇತ್ತು. ಎಲ್ಲರೂ ನಕ್ಕರು, ಆಮೇಲೆ ಅವನು ನಗುತ್ತಿಲ್ಲವೆಂದು ಕಂಡು ಒಬ್ಬೊಬ್ಬರಾಗಿ ನಿಲ್ಲಿಸಿದರು.

"ಏನೋ ಇದು?" ಓರ್ನೆಲ್ಲಾ ಕೇಳಿದಳು.

"ಅವಳು ಬರೆದಿರೋದು ಸರಿ ಇದೆ. ಹನ್ನೊಂದು ಕಡೆ ಸರಿ ಇದೆ. ತಪ್ಪಿರೋದು ಹಲಗೇಲಿ."

"ನೋಡ್ರಪ್ಪಾ ಇವನ್ನ," ಓರ್ನೆಲ್ಲಾಳ ಕಣ್ಣು ತುಂಬಿತು. "ಕೊನೇ ದಿನ ಕರಗಿ ನೀರಾದ. ಮೂವತ್ತೊಂದು ವರ್ಷ ತಡೆದುಕೊಂಡಿದ್ದು ಇವತ್ತು ಹೊರಗೆ ಬರ್ತಿದೆ."

"ನಿಜ ಹೇಳ್ತಿದ್ದೀನಿ ಓರ್ನೆಲ್ಲಾ."

ಬರ್ತೋಲಿನಿ ಕನ್ನಡಕ ಹಾಕಿಕೊಂಡರು. ಅವರು ನೇಮದ ಮನುಷ್ಯ. "ಪುಸ್ತಕ ಇನ್ನೂ ಮುಚ್ಚಿಲ್ಲ, ಬದಲಾಯಿಸಬಹುದು. ಆದ್ರೆ ಕಾರಣ ಬೇಕಾಗುತ್ತೆ. ಪತ್ರಿಕೆ ತಂದಿದ್ದೀರಾ? ತಂದಿದ್ರೆ ತೋರಿಸಿ, ಎಲ್ಲರೂ ನೋಡೋಣ."

ಚೀಲ ಅವನ ಕಾಲ ಬುಡದಲ್ಲೇ ಇತ್ತು. ಬಗ್ಗಿ ಅದರ ಹಿತ್ತಾಳೆಯ ಕೊಂಡಿಯ ಮೇಲೆ ಬೆರಳಿಟ್ಟ. ಪತ್ರಿಕೆ ಹೊರಗೆ ಬಂದರೆ ಮೇಜಿನ ಸುತ್ತ ಕೈಯಿಂದ ಕೈಗೆ ಹೋಗುತ್ತದೆ. ಏಳನೆಯ ವಾಕ್ಯಕ್ಕೆ ಬಂದು ಸಾಂದ್ರೊ ಜೋರಾಗಿ ಓದುತ್ತಾನೆ, ಇದರಲ್ಲಿ ತಪ್ಪೇನಿದೆ, ನಾವೆಲ್ಲ ಹೀಗೇ ಅಲ್ಲವೇ ಅನ್ನುವುದು ಎನ್ನುತ್ತಾನೆ. ಇನ್ನೊಬ್ಬರು ಎಂಟನೆಯದನ್ನು ಓದುತ್ತಾರೆ. ಪ್ರತಿ ತರಗತಿಯ ಗೋಡೆಯ ಮೇಲಿನ ಬೂದು ರಟ್ಟುಗಳನ್ನೆಲ್ಲ ನಾಳೆ ಆಯಾ ಬಂದು ಇಳಿಸುತ್ತಾಳೆ. ಓರ್ನೆಲ್ಲಾ ನಗುವುದಿಲ್ಲ, ಮರುಕಪಡುತ್ತಾಳೆ, ಅದು ಇನ್ನೂ ಕಷ್ಟ. ಕೊಂಡಿ ತಣ್ಣಗಿತ್ತು. ಅವನು ಬೆರಳು ತೆಗೆದು ನೆಟ್ಟಗೆ ನಿಂತ.

"ಮನೇಲಿ ಬಿಟ್ಟು ಬಂದೆ," ಎಂದ.

"ಹಂಗಾದ್ರೆ ಮತಕ್ಕೇ ಹಾಕ್ಬೇಕು. ಆರು ಮಾಡೋಕೆ ಯಾರ್ಯಾರ ಒಪ್ಪಿಗೆ ಇದೆ?"

ಚಾಕು ಹಿಡಿದ ಕೈಯನ್ನೇ ಕರೇನಾ ಎತ್ತಿದ. ಇನ್ನೊಂದು ಕೈ ಏಳಲಿಲ್ಲ.

"ನಾಳೆ ಬೆಳಿಗ್ಗೆ ಎದ್ದು ನೀನೇ ನಮಗೆ ಶಾಪ ಹಾಕ್ತೀಯ," ಓರ್ನೆಲ್ಲಾ ಅವನ ಭುಜ ಹಿಡಿದುಕೊಂಡಳು. "ಇಷ್ಟು ವರ್ಷ ಕಾಪಾಡ್ಕೊಂಡು ಬಂದ ಮರ್ಯಾದೇನ ಒಂದು ಗಳಿಗೇಲಿ ಕಳ್ಕೋಬೇಡ ಕಣೋ. ಕೇಕು ಕತ್ತರಿಸು."

ಬರ್ತೋಲಿನಿ ಎಂಟಕ್ಕೆ ಒಂದು ಎಂದು ಬರೆದುಕೊಂಡು, ಹಳೆಯ ಅಭ್ಯಾಸದಿಂದ, ಕತ್ತೆತ್ತದೆಯೇ ಕೇಳಿದರು, "ವಿರೋಧ ದಾಖಲಿಸ್ಲಾ, ಪ್ರೊಫೆಸರ್?"

"ದಾಖಲಾಗಲಿ."

ಅರವತ್ತೈದನೆಯ ಸಲ ಅದೂ ದಾಖಲಾಯಿತು. ಪುಸ್ತಕ ಮುಚ್ಚಿದರು. ಕೇಕು ಅತಿ ಸಿಹಿಯಾಗಿತ್ತು, ಅವನಿಗೆ ‘ಅಟ್’ ಬಂದಿತ್ತು.

ಫಲಿತಾಂಶದ ಹಾಳೆಗಳನ್ನು ಬಾಗಿಲ ಬಳಿಯ ಗಾಜಿನ ಪೆಟ್ಟಿಗೆಯಲ್ಲಿ ಅಂಟಿಸುವುದು ಮರುದಿನ ಬೆಳಿಗ್ಗೆ. ಆದ್ದರಿಂದ ಸಂಜೆ ಆರು ಗಂಟೆಗೆ ಅವನು ಬೀದಿ ದಾಟಿದಾಗ ಸಭೆಯಲ್ಲಿ ಕೂತವರನ್ನು ಬಿಟ್ಟರೆ ಯಾರಿಗೂ ಗೊತ್ತಿಲ್ಲದ ಸುದ್ದಿ ಅದು. ದಾಟದೆ ಮನೆಗೆ ಹೋಗಬಹುದಿತ್ತು. ಹೋಗಬಾರದು, ಇವತ್ತಾದರೂ ನೇರ ಎದುರಿಗೆ ನಿಂತು ಹೇಳಿಬಿಡಬೇಕು ಎಂದು ನಿರ್ಧರಿಸಿಯೇ ದಾಟಿದ. ನನ್ನ ತಪ್ಪು, ಜೆಮ್ಮಾ. ಮೂರು ಪದ. ಮೆಟ್ಟಿಲಿಳಿಯುತ್ತ ಅದನ್ನು, ಹಿಂದೊಮ್ಮೆ ಲಂಡನ್ನಿನ ಹೋಟೆಲಿನಲ್ಲಿ ಮಾಡಿದ ಹಾಗೆ, ಎರಡು ಸಲ ಹೇಳಿಕೊಂಡಿದ್ದ. ಅಂಗಡಿಯಲ್ಲಿ ಬೇರೆ ಗಿರಾಕಿಗಳಿರಲಿಲ್ಲ. ಜೆಮ್ಮಾ ಅವನ ಮುಖ ನೋಡಿದವಳೇ ಕಾಫಿ ಯಂತ್ರದ ಕಡೆ ತಿರುಗಿದಳು. ಒಳಗಡೆ ತೊಟ್ಟಿಯ ಮುಂದೆ ನಿಂತು ತೆಕ್ಲಾ ಗ್ಲಾಸು ತೊಳೆಯುತ್ತಿದ್ದಳು. ನಲ್ಲಿ ನಿಲ್ಲಿಸಿದಳು.

"ಹೇಳಿಬಿಡಿ, ಪ್ರೊಫೆಸರ್ರೇ," ಎಂದಳು ಜೆಮ್ಮಾ.

"ಆರು ಮಾಡಿ ಅಂತ ಕೇಳ್ದೆ," ಎಂದ ಕರೇನಾ. "ಅವರು ಒಪ್ಪಲಿಲ್ಲ. ಮತಕ್ಕೆ ಹಾಕಿದ್ರು. ಎಂಟು ಜನ ಒಂದು ಕಡೆ, ನಾನೊಬ್ಬ ಒಂದು ಕಡೆ. ವಿರೋಧ ಬರೆಸಿ ಬಂದಿದ್ದೀನಿ."

ಒಂದೊಂದು ಪದವೂ ನಿಜವಾಗಿತ್ತು. ಬೇಕಾದರೆ ದಾಖಲೆ ಪುಸ್ತಕ ತೆಗೆದು ನೋಡಬಹುದು. ಇಷ್ಟು ವರ್ಷ ವಾಕ್ಯಗಳಲ್ಲೇ ಬದುಕಿದವನು ಇಷ್ಟು ತಪ್ಪಿಲ್ಲದ ವಾಕ್ಯಗಳನ್ನು ಆಡಿರಲಿಲ್ಲ. ನಾಲಿಗೆಯ ತುದಿಯಲ್ಲಿದ್ದ ಆ ಇನ್ನೊಂದು ಮಾತು ಎಲ್ಲಿ ಹೋಯಿತೆಂದು ಅವನಿಗೇ ತಿಳಿಯಲಿಲ್ಲ. ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡ.

ಜೆಮ್ಮಾ ಅಂಗಡಿಯ ಕಟ್ಟೆಗೆ ಎರಡೂ ಕೈ ಊರಿದಳು. ಅಳಲಿಲ್ಲ. ಮೂಗೊರೆಸಿಕೊಂಡು ಕಾಫಿಯನ್ನು ಅವನ ಕಡೆ ಸರಿಸಿದಳು, ಜೊತೆಗೆ ಬೆಳಿಗ್ಗೆ ಬಿಟ್ಟುಹೋದ ಬಿಸ್ಕತ್ತನ್ನೂ ಇಟ್ಟಳು. ಅವನು ಇಟ್ಟ ನಾಣ್ಯವನ್ನು ವಾಪಸು ತಳ್ಳಿದಳು. "ಬೇಡ. ನೀವಾದ್ರೂ ನಿಂತ್ರಲ್ಲ, ಅಷ್ಟು ಜನರ ಎದುರಿಗೆ. ನಾವೆಲ್ಲ ನಿಮ್ಮನ್ನ ಏನೇನೋ ಅಂದ್ಕೊಂಡಿದ್ವಿ."

ತೆಕ್ಲಾ ಕೈಯಲ್ಲಿ ಒದ್ದೆ ಗ್ಲಾಸು ಹಿಡಿದುಕೊಂಡೇ ಬಾಗಿಲಿಗೆ ಬಂದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಮಾರ್ಚ್ ತಿಂಗಳಲ್ಲಿ ಕೈ ಎತ್ತಿದಾಗ ಇದ್ದ ಅದೇ ತಿಳಿಯಬೇಕೆಂಬ ಆಸೆಯಿತ್ತು.

"ಹಂಗಾದ್ರೆ ನಾಲ್ಕು ಕೊಟ್ಟಿದ್ದು ಯಾರು, ಪ್ರೊಫೆಸರ್ರೇ?"

"ತೆಕ್ಲಾ," ಜೆಮ್ಮಾ ಗದರಿದಳು. "ಯಾರ ಹತ್ರ ಏನು ಮಾತಾಡ್ತಿದ್ದೀಯ? ಅಲ್ಲಿ ನಿನ್ನ ಪರವಾಗಿ ಬಾಯಿ ಬಿಟ್ಟಿದ್ದು ಇವರೊಬ್ಬರೇ. ಮೊದ್ಲು ಕ್ಷಮೆ ಕೇಳು."

ತೆಕ್ಲಾ ಅವನನ್ನೇ ನೋಡುತ್ತಿದ್ದಳು. ಅವನಿಗೆ ಮಾತಾಡಲು ಬೇಕಾದಷ್ಟು ಸಮಯ ಕೊಟ್ಟಳು, ಅದಕ್ಕಿಂತ ಸ್ವಲ್ಪ ಹೆಚ್ಚಾಗಿಯೇ ಕೊಟ್ಟಳು. ಕರೇನಾ ಬಟ್ಟಲಿನಲ್ಲಿ ಸಕ್ಕರೆ ಕಲಕುತ್ತಿದ್ದ.

"ಕ್ಷಮಿಸಿ, ಪ್ರೊಫೆಸರ್ರೇ," ಎಂದಳು.

"ಪರವಾಗಿಲ್ಲ ಮಗು," ಎಂದು ಕರೇನಾ ಅವಳನ್ನು ಕ್ಷಮಿಸಿದ.